ತಪ್ಪಿದರೂ ಒಂದು

“ಅಕ್ಕೋರ, ಇದರಾಗ ನಮ್ಮವರು ಗೆದ್ದಾರೋ ಸೋತಾರೋ, ಸ್ವಲ್ಪ ಓದಿ ಹೇಳ್ರಿ.”

ಆಕೆ ನನ್ನೊಡನೆ ಆಡಿದ ಮೊದಲ ಮಾತು ಇದು. ಬೆಟಗೇರಿಯ ನಮ್ಮ ಸರಕಾರಿ ಶಾಲೆಗೆ ಬಿಸಿಯೂಟದ ಅಡುಗೆಯವಳಾಗಿ ಸೇರಿ ಒಂದು ವಾರವಷ್ಟೇ ಆಗಿತ್ತು. ನಾನು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅಡುಗೆಮನೆಯ ಹೊಗೆಯಿಂದ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಬಂದು, ಗಾಜು ಸೀಳಿದ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಕ್ರಿಕೆಟ್ಟಿರಬೇಕು ಎಂದುಕೊಂಡು ನೋಡಿದೆ. ಕ್ರಿಕೆಟ್ಟಲ್ಲ. ಕೇಳರಿಯದ ಎರಡು ಹೆಸರು, ಅವುಗಳ ಮುಂದೆ ಎರಡು ಅಂಕಿ.

“ನಮ್ಮವರು ಅಂದ್ರ ಯಾರಬೇ?”

“ಹಸಿರು ಅಂಗಿಯವರ್ರಿ.”

“ಹಸಿರಿನವರದು ಅರವತ್ತೊಂದು. ಎದುರಿನವರದು ತೊಂಬತ್ತೆಂಟು.”

“ಆತ್ಬಿಡ್ರಿ,” ಎಂದಳು. ಮುಖದಲ್ಲಿ ಬೇಸರವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ವರ್ಷಾನುಗಟ್ಟಲೆ ಬರುವ ಮಂಡಿನೋವು ಇವತ್ತೂ ಬಂದಿದೆ ಎಂಬಂತೆ ಹೊರಳಿ ಹೋಗಿ ಅನ್ನದ ಗಂಜಿ ಬಸಿಯತೊಡಗಿದಳು.

ಆಕೆ ತೀರಿಕೊಂಡು ಈಗ ನಾಲ್ಕು ತಿಂಗಳು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಎಷ್ಟೋ ಜನರ ಜೊತೆ ಕೆಲಸ ಮಾಡಿದ್ದೇನೆ. ಮುಂಡರಗಿ ಕಡೆಯ ಕೊರ್ಲಹಳ್ಳಿಯಲ್ಲಿ ಹೊಳೆಯ ದಂಡೆಯ ಶಾಲೆಯಲ್ಲಿದ್ದೆ, ಶಿರಹಟ್ಟಿಯಲ್ಲಿದ್ದೆ, ಕೊನೆಗೆ ಬೆಟಗೇರಿಗೆ ಬಂದೆ. ಜೊತೆಯಲ್ಲಿದ್ದ ಮಾಸ್ತರರ ಹೆಸರುಗಳೇ ಈಗ ಕಲಸಿಹೋಗುತ್ತವೆ. ಈಕೆ ಮಾತ್ರ ಕಲಸಿಹೋಗುವುದಿಲ್ಲ. ಬೆಟಗೇರಿಯಲ್ಲಿ ಕುಳಿತು, ಆಸ್ಟ್ರೇಲಿಯಾದವರು ತಮ್ಮದೇ ರೀತಿಯಲ್ಲಿ ಆಡುವ ಫುಟ್‌ಬಾಲಿನಲ್ಲಿ, ಸದಾ ಸೋಲುವ ಒಂದು ತಂಡಕ್ಕೆ ಜೀವ ತೇಯ್ದ ಹೆಂಗಸು ಇನ್ನೊಬ್ಬಳನ್ನು ನಾನು ಕಂಡಿಲ್ಲ.

ನೇಕಾರರ ಮನೆಯ ಮಗಳು. ಮದುವೆಯಾದ ಆರು ವರ್ಷಕ್ಕೆ ಗಂಡ ಹೋದ. ಮಕ್ಕಳಿರಲಿಲ್ಲ. ತಮ್ಮನ ಮನೆಗೆ ಮರಳಿ ಬಂದು, ಕುಣಿಮಗ್ಗದ ಪಕ್ಕ ಕುಳಿತು ನೂಲು ಸುತ್ತುತ್ತಿದ್ದಳು. ಆಮೇಲೆ ಗದಗಿನ ಡಾಕ್ಟರೊಬ್ಬರ ಮನೆಯಲ್ಲಿ ಅಡುಗೆಗೆ ನಿಂತಳು. ಆ ಡಾಕ್ಟರು ಸಂಸಾರ ಸಮೇತ ಮೆಲ್ಬರ್ನಿಗೆ ಹೊರಟಾಗ ಹಾಸಿಗೆ ಹಿಡಿದ ಅವರ ತಾಯಿ, ಈಕೆಯ ಕೈ ತುತ್ತು ಬಿಟ್ಟು ಬೇರೆ ತಿನ್ನಲೊಲ್ಲೆ ಎಂದು ಹಟ ಹಿಡಿದರಂತೆ. ಅದ್ಯಾವ ಕಾಗದ ಹೇಗೆ ಮಾಡಿಸಿದರೋ, ಈಕೆಯನ್ನೂ ಕರೆದುಕೊಂಡು ಹೋದರು. ಎರಡು ವರ್ಷಕ್ಕೆಂದು ಹೋದವಳು ಏಳು ವರ್ಷ ಇದ್ದಳು. ಡಾಕ್ಟರ ತಾಯಿ ತೀರಿಕೊಂಡ ತಿಂಗಳೊಳಗೆ ತಿರುಗಿ ಬಂದಳು.

“ಎಲ್ಲಾರೂ ಪರದೇಶದಿಂದ ಸಾಮಾನು ತರ್ತಾರ. ನಮ್ಮಕ್ಕ ಹುಚ್ಚು ತಂದ್ಳು,” ಎಂದು ಆಕೆಯ ತಮ್ಮ ಓಣಿಯವರ ಮುಂದೆ ನಗುತ್ತಿದ್ದ. ತಮ್ಮನ ಹೆಂಡತಿ ನಗುತ್ತಲೂ ಇರಲಿಲ್ಲ. ಶನಿವಾರ ಬಂತೆಂದರೆ ಗಂಡನ ಅಕ್ಕ ಮೊಬೈಲು ಹಿಡಿದು ಕೂಡುವುದು ಆಕೆಗೆ ಸರಿಬರುತ್ತಿರಲಿಲ್ಲ.

ಹುಚ್ಚು ಹತ್ತಿದ ಬಗೆಯನ್ನು ಆಕೆ ನನಗೆ ಒಂದೇ ದಿನ ಹೇಳಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತ ತಿಂಗಳುಗಟ್ಟಲೆ ಚೂರುಚೂರಾಗಿ ಹೇಳಿದಳು. ಮೆಲ್ಬರ್ನಿನಲ್ಲಿ ಡಾಕ್ಟರ ಪಕ್ಕದ ಮನೆಯಲ್ಲಿ ಒಬ್ಬ ಬಿಳಿಯ ಮುದುಕಿ ಒಂಟಿಯಾಗಿದ್ದಳು. ಹಸಿರು ಅಂಗಿಯ ತಂಡದ ಮೈದಾನದಲ್ಲಿ ಆಕೆಗೂ ಆಕೆಯ ಗಂಡನಿಗೂ ವರ್ಷವಿಡೀ ಕಾಯ್ದಿರಿಸಿದ ಎರಡು ಕುರ್ಚಿ. ಗಂಡ ಸತ್ತ ಮೇಲೂ ಮುದುಕಿ ಎರಡನ್ನೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಶನಿವಾರ ಬೇಲಿಯಾಚೆಯಿಂದ ಈಕೆಯನ್ನು ಕೈಸನ್ನೆ ಮಾಡಿ ಕರೆದಳು. ಈಕೆಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಗೊತ್ತಿಲ್ಲ. ಹೇಗೋ ಏನೋ, ಟ್ರಾಮಿನಲ್ಲಿ ಹೋಗಿ ಸತ್ತ ಗಂಡನ ಕುರ್ಚಿಯಲ್ಲಿ ಈಕೆ ಕುಳಿತಳು.

“ಅಷ್ಟು ಮಂದಿನ್ನ ಒಂದ ಕಡೆ ನಾ ಎಂದೂ ನೋಡಿದ್ದಿಲ್ರಿ. ಆಡೂವನೊಬ್ಬ ಚೆಂಡು ಹಿಡಕೊಂಡು ಸಿಕ್ಕಾಕಿಕೊಂಡ. ಎಲ್ಲಾರೂ ಒಮ್ಮಿಗೇ ‘ಬಾ…’ ಅಂತ ಒದರಿದ್ರು. ಯಾರನ್ನ ಕರ್ಯಾಕತ್ತಾರಂತ ನಾ ಹಿಂದಕ ಹೊಳ್ಳಿ ನೋಡಿದೆ.”

ಅವರು ಕೂಗುತ್ತಿದ್ದುದು ‘ಬಾಲ್’ ಎಂದು. ಅದು ತಿಳಿಯಲು ಈಕೆಗೆ ಎರಡು ತಿಂಗಳು ಹಿಡಿಯಿತಂತೆ. ಅಷ್ಟರೊಳಗೆ ತಾನೂ ‘ಬಾ’ ಎಂದೇ ಕೂಗಲು ಕಲಿತಿದ್ದಳು. ತಿಳಿದ ಮೇಲೂ ಬದಲಿಸಲಿಲ್ಲ.

“ನಮ್ಮ ಮನ್ಯಾಗ ನಾ ದನಿ ಎತ್ತಿ ಮಾತಾಡಿದ್ದಿಲ್ರಿ ಅಕ್ಕೋರ. ಗಂಡ ಸತ್ತಾಗೂ ಬಾಯಾಗ ಸೆರಗು ತುರುಕಿಕೊಂಡು ಅತ್ತಾಕಿ ನಾ. ಅಲ್ಲೆ ಹೋದ ಮ್ಯಾಲೆ ಗೊತ್ತಾತು, ನನಗೂ ಇಷ್ಟು ದನಿ ಐತಿ ಅಂತ.”

ಆಟದ ನಿಯಮಗಳನ್ನು ಆಕೆ ವಿವರಿಸುತ್ತಿದ್ದ ರೀತಿ ನನಗೆ ಪಾಠ ಮಾಡುವುದು ಹೇಗೆಂದು ಕಲಿಸಿತು. ಚೆಂಡು ದುಂಡಗಿರುವುದಿಲ್ಲ; ಸುಲಿದ ತೆಂಗಿನಕಾಯಿಯ ಹಾಗೆ ಎರಡೂ ಕಡೆ ಮೂತಿ; ನೆಲಕ್ಕೆ ಬಿದ್ದರೆ ಯಾವ ಕಡೆ ಜಿಗಿಯುತ್ತದೆಂದು ದೇವರಿಗೂ ಗೊತ್ತಿಲ್ಲ. ಒದೆಯಬಹುದು, ಕೈಯಲ್ಲೂ ಹಿಡಿಯಬಹುದು. ಎತ್ತರಕ್ಕೆ ಬಂದ ಚೆಂಡನ್ನು ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಹಿಡಿಯುತ್ತಾರೆ. “ನಮ್ಮಲ್ಲಿ ಗ್ವಾಡಿ ಹತ್ತಿದ್ರ ಬೈತೀವಿ. ಅಲ್ಲೆ ಮನಷ್ಯಾನ್ನ ಹತ್ತಿದ್ರ ಚಪ್ಪಾಳಿ ಹೊಡಿತಾರ.” ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಆರು. ಗುರಿ ತಪ್ಪಿ ಬದಿಯ ಕಂಬದ ಒಳಗೆ ಹೋದರೆ ಒಂದು.

“ತಪ್ಪಿದ್ರೂ ಒಂದ್ಯಾಕ?” ಎಂದು ಕೇಳಿದೆ.

ಆಕೆ ಅಕ್ಕಿಯಿಂದ ಕಣ್ಣೆತ್ತಿ, ಇಷ್ಟೂ ತಿಳಿಯದ ಇವಳೆಂಥ ಟೀಚರು ಎಂಬಂತೆ ನೋಡಿದಳು. “ತಪ್ಪಿದ್ರೂ ಅಲ್ಲೀತನಾ ಹೋಗಿತ್ತಲ್ರಿ!”

ಆರು ಬಂದಾಗ ಕಂಬದ ಬಳಿಯ ಮನುಷ್ಯ ಎರಡೂ ಕೈಯ ತೋರುಬೆರಳುಗಳನ್ನು ಮುಂದೆ ಚಾಚುತ್ತಾನಂತೆ. ಒಂದಕ್ಕೆ ಒಂದೇ ಬೆರಳು. ನಮ್ಮ ಶಾಲೆಯಲ್ಲಿ ಇದು ಸಾರಿನ ಲೆಕ್ಕವಾಯಿತು. ಮೊದಲ ಪಂಕ್ತಿಯ ಮಕ್ಕಳು ಒಂದು ತುತ್ತು ತಿಂದು ಎರಡು ಬೆರಳು ಚಾಚಿದರೆ ಸಾರು ಸರಿಯಾಗಿದೆ. ಒಂದು ಬೆರಳು ಬಂದರೆ ಉಪ್ಪು ಕಡಿಮೆ. ಆಗ ಆಕೆ ಉಪ್ಪಿನ ಡಬ್ಬಿ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದಳು, ಮುಖ ಸಣ್ಣದು ಮಾಡಿಕೊಳ್ಳದೆ. ಸಾರು ಕೆಟ್ಟ ದಿನವೂ ಸೊನ್ನೆ ಕೊಡುವ ಮಗು ಇರಲಿಲ್ಲ.

ನಾನು ಆ ದಿನಗಳಲ್ಲಿ ದಣಿದಿದ್ದೆ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿದ್ದು ಪ್ರಭಾರ ನನ್ನ ತಲೆಗೆ ಬಿದ್ದಿತ್ತು. ದಿನಕ್ಕೊಂದು ಸುತ್ತೋಲೆ, ವಾರಕ್ಕೊಂದು ಮಾಹಿತಿ ತುಂಬುವ ಕೆಲಸ. ಪಾಠ ಮಾಡುವುದೊಂದನ್ನು ಬಿಟ್ಟು ಎಲ್ಲ. ಸಂಜೆ ಖುರ್ಚಿಯಿಂದ ಏಳಲಾರದೆ ಕುಳಿತಾಗ ಆಕೆ ಅರ್ಧ ಲೋಟ ಚಹಾ ತಂದಿಡುತ್ತಿದ್ದಳು. ಒಂದು ಸಲ ಕೇಳಿದೆ, “ವರ್ಷಾ ಸೋಲೂರನ್ನ ಕಟಗೊಂಡು ಬ್ಯಾಸರಾಗಂಗಿಲ್ಲೇನಬೇ ನಿನಗ?”

“ಆಗತೈತ್ರಿ. ಯಾಕಾಗಂಗಿಲ್ಲ? ಆದ್ರ ಬ್ಯಾಸರಾತಂತ ತಮ್ಮನ್ನ ಬದಲಿ ಮಾಡಾಕ ಬರತೈತೇನು?” ಎಂದಳು. ಖಾಲಿ ಲೋಟ ಎತ್ತಿಕೊಳ್ಳುತ್ತ, “ಮುದುಕಿ ಅರವತ್ತು ವರ್ಷ ಕಾದಾಳ್ರಿ. ನನ್ನದೇನ್ ಮಹಾ,” ಎಂದಳು.

ಆ ಮುದುಕಿಯ ಮಗಳು ಆಗಾಗ ಮೊಬೈಲಿಗೆ ಬರೆದು ಕಳಿಸುತ್ತಿದ್ದಳು. ಓದಿ ಹೇಳುವುದು ನನ್ನ ಕೆಲಸ. ಹಾಗೆಯೇ ಒಂದು ದಿನ ಓದಿದೆ: ಅಮ್ಮನನ್ನು ವೃದ್ಧರ ಮನೆಗೆ ಸೇರಿಸಿದ್ದೇವೆ, ನೆನಪು ಹೋಗುತ್ತಿದೆ, ಕಿವಿಯೂ ಮಂದ, ಆದರೆ ಹಸಿರು ತಂಡವನ್ನು ಮರೆತಿಲ್ಲ. ಆ ವಾರ ಈಕೆ ತಮ್ಮನಿಗೆ ದುಂಬಾಲು ಬಿದ್ದು, ಮಗ್ಗದಲ್ಲಿ ಉಳಿದ ಹಸಿರು ಬಿಳಿ ನೂಲಿನಿಂದ ಕೊರಳಿಗೆ ಸುತ್ತಿಕೊಳ್ಳುವ ಒಂದು ಪಟ್ಟಿ ನೇಯಿಸಿ, ಅಂಚೆಯಲ್ಲಿ ಕಳಿಸಲು ನನ್ನಿಂದ ವಿಳಾಸ ಬರೆಸಿದಳು.

ಎರಡು ವರ್ಷದ ಮೇಲೆ ಆಗಬಾರದ್ದು ಆಯಿತು. ಹಸಿರು ತಂಡ ಗೆಲ್ಲತೊಡಗಿತು. ವಾರವಾರವೂ ನಾನು ಓದುತ್ತಿದ್ದೆ, ಆಕೆ ನಂಬದೆ ಇನ್ನೊಮ್ಮೆ ಓದಿಸುತ್ತಿದ್ದಳು. ಕೊನೆಗೆ ಕಡೆಯ ಆಟಕ್ಕೇ ಬಂದು ನಿಂತರು. ಮುದುಕಿಯ ತಾರುಣ್ಯದಲ್ಲಿ ಒಮ್ಮೆ ಬಂದದ್ದು ಬಿಟ್ಟರೆ ಮತ್ತೆ ಈಗಲೇ. ಆಟ ಶನಿವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಶುರು.

ಆಕೆ ಸೋಮವಾರವೇ ಬಂದು ನನ್ನ ಟೇಬಲ್ಲಿನ ಮುಂದೆ ನಿಂತಳು. “ಅಕ್ಕೋರ, ಬರೂ ಶನಿವಾರ ಒಂದಿನ ಸೂಟಿ ಕೊಡ್ರಿ.” ಅಷ್ಟು ವರ್ಷದಲ್ಲಿ ಆಕೆ ರಜೆ ಕೇಳಿದ್ದೇ ಇಲ್ಲ. ನಾನು ಹೂಂ ಅಂದೆ.

ಗುರುವಾರ ಮೇಲಿನ ಕಚೇರಿಯಿಂದ ಫೋನು ಬಂತು. ಶನಿವಾರ ಬಿಸಿಯೂಟದ ತಪಾಸಣೆಗೆ ಸಾಹೇಬರು ಬರುತ್ತಾರೆ, ಮಕ್ಕಳಿಗೆ ಬಡಿಸುವ ಹೊತ್ತಿಗೇ ಬರುತ್ತಾರೆ. ಇನ್ನೊಬ್ಬ ಅಡುಗೆಯವಳು ಬಾಣಂತನಕ್ಕೆ ಶಿರಹಟ್ಟಿಗೆ ಹೋಗಿದ್ದಳು. ಬೇರೆ ಯಾರನ್ನಾದರೂ ಹುಡುಕಬಹುದಿತ್ತು. ಒಂದು ದಿನಕ್ಕೆ ಯಾರಾದರೂ ಬಂದು ಉಪ್ಪಿಟ್ಟು ತಿರುವುತ್ತಿದ್ದರು. ಹುಡುಕುವ ತ್ರಾಣ ನನಗಿರಲಿಲ್ಲ. ತ್ರಾಣ ಇರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಆಟಕ್ಕಾಗಿ ಅಷ್ಟು ತ್ರಾಸು ಯಾಕೆ ಅನ್ನಿಸಿತ್ತು.

“ಸೂಟಿ ಆಗೂದಿಲ್ಲಬೇ. ಸಾಹೇಬ್ರು ಬರೂದೈತಿ,” ಎಂದೆ.

“ಆತ್ರಿ,” ಎಂದಳು.

ಶನಿವಾರ ನಸುಕಿನಲ್ಲೇ ಬಂದು ಅಡುಗೆಮನೆ ತೊಳೆದಳು. ಒಂಬತ್ತೂವರೆಗೆ ನನ್ನ ಕೋಣೆಗೆ ಬಂದು ಮೊಬೈಲನ್ನು ಟೇಬಲ್ಲಿನ ಮೇಲಿಟ್ಟಳು. “ಇದು ನಿಮ್ಮ ಕಡೀನ ಇರ್ಲಿ. ನನ್ನ ಕಡೆ ಇದ್ರ ನೋಡ್ತೀನಿ. ನೋಡಿದ್ರ ತಳ ಹತ್ತತೈತಿ.” ನಾನು ಅದನ್ನು ಖಾನೆಯಲ್ಲಿ ಹಾಕಿದೆ. ಅದು ಒಳಗೆ ಆಗಾಗ ಗುಂಯ್ ಗುಂಯ್ ಅನ್ನುತ್ತಿತ್ತು.

ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಮಕ್ಕಳು ಹಸಿದು ತಟ್ಟೆ ಬಡಿಯತೊಡಗಿದರು. ಸಾಹೇಬರು ಬರುವವರೆಗೆ ಬಡಿಸುವುದು ಬೇಡ ಎಂದು ನಾನೇ ತಡೆದೆ. ಹನ್ನೆರಡಕ್ಕೆ ತಡೆಯಲಾರದೆ ಬಡಿಸಿದೆವು. ಹನ್ನೆರಡೂ ಮುಕ್ಕಾಲಿಗೆ ಫೋನು: ಸಾಹೇಬರು ಲಕ್ಷ್ಮೇಶ್ವರದ ಕಡೆ ಹೋದರು, ಇನ್ನೊಂದು ದಿನ ನೋಡೋಣ.

ಖಾನೆ ತೆರೆದು ಮೊಬೈಲು ತೆಗೆದುಕೊಂಡು ಅಡುಗೆಮನೆಗೆ ಹೋದೆ. ಆಕೆ ಬಗ್ಗಿ ದೊಡ್ಡ ಪಾತ್ರೆಯ ಒಳಗೆ ತಿಕ್ಕುತ್ತಿದ್ದಳು. ಮೊಬೈಲಿನಲ್ಲಿ ಮುದುಕಿಯ ಮಗಳು ಬರೆದಿದ್ದಳು. ಬಾಗಿಲಲ್ಲೇ ನಿಂತು ಓದಿ ಹೇಳಿದೆ, “ಗೆದ್ದಾರಬೇ.”

ತಿಕ್ಕುವ ಸಪ್ಪಳ ನಿಂತಿತು. ಪಾತ್ರೆಯ ಒಳಗಿನಿಂದಲೇ ಕೇಳಿದಳು, “ಎಷ್ಟರಿಂದ್ರಿ?”

“ನಾಲ್ಕು.”

ಆಕೆ ಮೇಲೆದ್ದು ಕೈ ತೊಳೆದುಕೊಂಡಳು. ಮೊಬೈಲನ್ನು ಈಸಿಕೊಂಡು, ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು. ನಂತರ ಅಕ್ಕಿಯ ಚೀಲದ ಮೇಲೆ ಕುಳಿತಳು. ಕುಣಿಯುತ್ತಾಳೆ, ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ.

“ನಾಲ್ಕರಿಂದ ಅಂದ್ರ, ಕಡೀತನಾ ಜೀವಾ ಕೈಯಾಗ ಹಿಡಕೊಂಡು ಕುಂತಿರಬೇಕು ಎಲ್ಲಾರೂ,” ಎಂದಳು. “ನೋಡಬೇಕಾಗಿತ್ತರಿ ಅಕ್ಕೋರ.”

ಇಷ್ಟೇ. ಆ ಮೇಲೆ ಆಕೆ ಆ ವಿಷಯವಾಗಿ ನನಗೆ ಎಂದೂ ಒಂದು ಮಾತು ಆಡಲಿಲ್ಲ. ಮರುದಿನ ನನ್ನ ಮನೆಗೆ ಕರೆದು, ನನ್ನ ದೊಡ್ಡ ಮೊಬೈಲಿನಲ್ಲಿ ಇಡೀ ಆಟ ಹಾಕಿ ತೋರಿಸಿದೆ. ಸುಮ್ಮನೆ ನೋಡಿದಳು. ಹೇಗಿತ್ತು ಎಂದಾಗ, “ಆರಿದ ರೊಟ್ಟೀನೂ ಹೊಟ್ಟಿ ತುಂಬಸತೈತ್ರಿ. ಆದ್ರ ಆರಿದ್ದು ಆರಿದ್ದ,” ಎಂದಳು.

ಆಟ ಮುಗಿದ ಮೇಲೆ ಅಲ್ಲಿಂದಲೇ ಮುದುಕಿಗೆ ಮುಖ ಕಾಣುವಂತೆ ಫೋನು ಹಚ್ಚಿಕೊಟ್ಟೆ. ಬೆಳ್ಳನೆಯ ಕೋಣೆ, ದಿಂಬಿಗೆ ಒರಗಿದ ಗುಬ್ಬಿಯಷ್ಟು ಮುದುಕಿ. ಪಕ್ಕದಲ್ಲಿ ಮಗಳು. ಮುದುಕಿ ಈ ಕಡೆ ನೋಡಿ ಏನೋ ಕೇಳಿತು. ಇವತ್ತು ನಮ್ಮ ಆಟ ಇದೆಯಾ, ಯಾರು ಮುಂದಿದ್ದಾರೆ ಎಂದು ಕೇಳುತ್ತಿದೆ ಎಂದು ನಾನು ಹೇಳಿದೆ. ನಿನ್ನೆ ಅಮ್ಮನ ಮುಂದೆಯೇ ಟಿವಿ ಹಚ್ಚಿದ್ದೆವು, ಈಗ ನೆನಪಿಲ್ಲ ಎಂದಳು ಮಗಳು.

ಆಗ ನನ್ನ ಪಕ್ಕದಲ್ಲಿದ್ದ ಆಕೆ ಎದ್ದು ನಿಂತಳು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ತನಗೆ ಬರುತ್ತಿದ್ದ ನಾಲ್ಕೈದು ಇಂಗ್ಲಿಷ್ ಮಾತುಗಳಲ್ಲಿ ಎರಡನ್ನು ಎತ್ತಿಕೊಂಡು ಕೂಗಿದಳು. “ವೀ ವನ್!”

ನಾನು ಅಂಥ ದನಿಯನ್ನು ಆಕೆಯಿಂದ ಕೇಳಿರಲಿಲ್ಲ. ಪಾತ್ರೆಯ ಕಪಾಟು ಝಣ್ಣೆಂದಿತು. ಮುದುಕಿಯ ಮುಖ ನಿಧಾನವಾಗಿ ಅರಳಿತು. ಹಲ್ಲಿಲ್ಲದ ಬಾಯಿ ತೆರೆದು, ಎರಡೂ ಕೈ ಮೇಲೆತ್ತಿ, ಅದೂ ಏನೋ ಕೂಗಿತು. ಇಬ್ಬರೂ ನಕ್ಕರು. ಎರಡು ನಿಮಿಷ ಕಳೆಯಿತು. ಮುದುಕಿ ಮತ್ತೆ ಈ ಕಡೆ ನೋಡಿ ಕೇಳಿತು: ಇವತ್ತು ನಮ್ಮ ಆಟ ಇದೆಯಾ?

“ವೀ ವನ್!”

ಅದೇ ದನಿ, ಒಂದು ಎಳೆ ಕಡಿಮೆಯಿಲ್ಲ. ಮುದುಕಿಗೆ ಅದೇ ಸಂತೋಷ, ಅರವತ್ತು ವರ್ಷ ಕಾದದ್ದು ಈಗಷ್ಟೇ ಕೈಗೆ ಬಂದ ಹಾಗೆ. ಹೀಗೆ ಆರೋ ಏಳೋ ಸಲ. ಪಕ್ಕದ ಮನೆಯವರು ಬಾಗಿಲಿಗೆ ಬಂದು, “ಏನಾತ್ರಿ ಟೀಚರ, ಯಾರಿಗೇನಾತು?” ಎಂದರು. ಏನೂ ಇಲ್ಲ, ನಮ್ಮವರು ಗೆದ್ದರು ಎಂದೆ. ನನ್ನ ಬಾಯಿಂದ ‘ನಮ್ಮವರು’ ಬಂದದ್ದು ಅವತ್ತೇ ಮೊದಲು.

ಅಲ್ಲಿಂದ ಭಾನುವಾರದ ಫೋನು ರೂಢಿಯಾಯಿತು. ಮುಂದಿನ ವರ್ಷ ತಂಡ ಮತ್ತೆ ತನ್ನ ಹಳೆಯ ಚಾಳಿಗೆ ಬಿದ್ದಿತು. ವಾರವಾರವೂ ಸೋಲು. ಆಕೆ ಮಾತ್ರ ಮುದುಕಿಗೆ ಕೂಗುತ್ತಲೇ ಇದ್ದಳು, ವೀ ವನ್.

“ಸುಳ್ಳು ಹೇಳ್ತಿಯಲ್ಲಬೇ,” ಎಂದೆ ಒಮ್ಮೆ.

“ಹೋದ ವರ್ಷ ಗೆದ್ದದ್ದು ಸುಳ್ಳೇನ್ರಿ? ಯಾವ ವಾರದ್ದಂತ ನಾ ಹೇಳಂಗಿಲ್ಲ, ಆಕಿ ಕೇಳಂಗಿಲ್ಲ.”

ಆ ಚಳಿಗಾಲದಲ್ಲಿ ಮುದುಕಿ ಹೋಯಿತು. ಮಗಳು ಬರೆದದ್ದನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಕೊನೆಯ ವಾರಗಳಲ್ಲಿ ನನ್ನ ಹೆಸರೂ ಅಮ್ಮನಿಗೆ ನೆನಪಿರಲಿಲ್ಲ, ಆದರೆ ಭಾನುವಾರ ಬಂದರೆ ಬಾಗಿಲ ಕಡೆ ನೋಡುತ್ತ, ಆ ಕೂಗುವ ಹುಡುಗಿ ಎಲ್ಲಿ ಎಂದು ಕೇಳುತ್ತಿದ್ದಳು ಎಂದು ಬರೆದಿತ್ತು. ಐವತ್ತೇಳು ವರ್ಷದ ಆಕೆ ‘ಹುಡುಗಿ’ ಎನ್ನುವ ಮಾತಿಗೆ ಒಂದು ಕ್ಷಣ ನಕ್ಕಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆಕೆಯ ಕೈ ಹಿಡಿದು ಸೆರಗನ್ನು ಕೆಳಗೆ ಎಳೆದೆ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಅಳಲಿ ಎಂದು ಅಲ್ಲೇ ಕುಳಿತೆ.

ಅರವತ್ತು ತುಂಬಿದ ದಿನ ಶಾಲೆಯಿಂದ ಬಿಡುಗಡೆಯಾದಳು. ಒಂದು ಹಾರ, ಒಂದು ಶಾಲು. ನಾನೂ ನಿವೃತ್ತಳಾಗಿ ಲಕ್ಷ್ಮೇಶ್ವರಕ್ಕೆ ಬಂದುಬಿಟ್ಟೆ. ಫೋನಿನಲ್ಲಿ ಫಲಿತಾಂಶ ಓದುವುದು ನಡೆದೇ ಇತ್ತು. ಈ ವರ್ಷ ಆಕೆಯ ಹೊಟ್ಟೆಯಲ್ಲಿ ಗಡ್ಡೆ ಎಂದರು. ಕೈ ಮೀರಿದೆ ಎಂದೂ ಅಂದರು. ತಮ್ಮ ಹುಬ್ಬಳ್ಳಿಯವರೆಗೆ ಓಡಾಡಿಸಿ, ಕೊನೆಗೆ ಮನೆಗೆ ಕರೆತಂದ. ಒಂದು ಭಾನುವಾರ ಬೆಳಿಗ್ಗೆ ಶಿರಹಟ್ಟಿ ಮೇಲಿನ ಬಸ್ಸು ಹಿಡಿದು ಎರಡನೆಯ ಸಲ ನೋಡಲು ಹೊರಟೆ. ಹಿಂದಿನ ದಿನ ಆಟವಿತ್ತು. ಬಸ್ಸಿನಲ್ಲಿ ಫಲಿತಾಂಶ ತೆಗೆದು ನೋಡಿದೆ. ಐವತ್ತೊಂದರಿಂದ ಸೋತಿದ್ದರು. ಇಂಥ ಸ್ಥಿತಿಯಲ್ಲಿ ಇದನ್ನು ಹೇಳುವುದು ಬೇಡ ಎಂದು ದಾರಿಯಲ್ಲೇ ನಿರ್ಧರಿಸಿದೆ.

ಮಗ್ಗದ ಕೋಣೆಯಲ್ಲೇ ಮಂಚ ಹಾಕಿದ್ದರು. ಮಗ್ಗ ನಿಂತಿತ್ತು. ಆಕೆ ಇಳಿದು ಹೋಗಿದ್ದಳು. ಕಣ್ಣು ಮಾತ್ರ ಉಳಿದಿದ್ದವು. ತಮ್ಮನ ಹೆಂಡತಿ ನನಗೆ ಚಾಪೆ ಹಾಸಿ ಬಾಗಿಲಲ್ಲಿ ನಿಂತಳು.

“ಏನಾತ್ರಿ ಅಕ್ಕೋರ?” ಎಂದಳು. ತನ್ನ ವಿಷಯವಲ್ಲ, ಆಟದ ವಿಷಯ.

“ಗೆದ್ದಾರಬೇ.”

“ಎಷ್ಟರಿಂದ?”

ಅಂಕಿಯನ್ನು ನಾನು ಯೋಚಿಸಿಕೊಂಡು ಬಂದಿರಲಿಲ್ಲ. “ಹತ್ತು… ಹನ್ನೆರಡು.”

“ಹತ್ತೋ, ಹನ್ನೆರಡೋ?”

ಆಕೆ ನನ್ನನ್ನೇ ನೋಡುತ್ತಿದ್ದಳು. ಆ ತುಟಿಯಲ್ಲಿ ನಗು ಬರಲು ಬಹಳ ಹೊತ್ತು ಹಿಡಿಯಿತು.

“ಅಕ್ಕೋರ, ನನಗ ನೆನಪು ಹೋಗಿಲ್ರಿ. ಹೊಟ್ಟಿ ಅಷ್ಟ ಹೋಗೈತಿ. ಮುದುಕಿಗೆ ಹೇಳಿದ್ದನ್ನ ನನಗ ಹೇಳಬ್ಯಾಡ್ರಿ. ಖರೆ ಹೇಳ್ರಿ.”

ಕನ್ನಡಕ ಹಾಕಿಕೊಂಡು ಮೊಬೈಲು ತೆಗೆದೆ. ಐವತ್ತೊಂದು ಎಂದೆ. ಅಲ್ಲಿಗೆ ಬಿಡಲಿಲ್ಲ ಆಕೆ. ಬರೆದದ್ದೆಲ್ಲ ಓದಿಸಿದಳು. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ನೋಡಿ ಕನ್ನಡದಲ್ಲಿ ಹೇಳುತ್ತ ಹೋದೆ. ಯಾರು ಎಲ್ಲಿ ಚೆಂಡು ಬಿಟ್ಟ, ಯಾರ ಕಾಲು ಉಳುಕಿತು, ಮೂರನೆಯ ಪಾಳಿಯಲ್ಲಿ ಒಂದರ ಮೇಲೊಂದು ಹೇಗೆ ಕೈಬಿಟ್ಟುಹೋಯಿತು. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಡುನಡುವೆ ಕಣ್ಣು ತೆರೆದು, “ಅವ್ನ ಕೈಯಾಗ ಚೆಂಡು ಯಾಕ ಕೊಟ್ರು?” ಎಂದು ಬೈಯುತ್ತಿದ್ದಳು. ಓದಿ ಮುಗಿಸುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಆಕೆಯ ಹುಬ್ಬು ಗಂಟಿಕ್ಕಿತ್ತು. ಹೋದ ಸಲ ಬಂದಾಗ ನೋವು ಬಿಟ್ಟು ಮತ್ತೇನೂ ಆ ಮುಖದಲ್ಲಿರಲಿಲ್ಲ. ಈಗ ಅಲ್ಲಿ ಚಲೋ ಸಿಟ್ಟಿತ್ತು.

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಆಕೆ ತಮ್ಮನ ಹೆಂಡತಿಗೆ ಹೇಳುವುದು ಕೇಳಿಸಿತು.

“ಐವತ್ತೊಂದರಿಂದ ಸೋತಾರ ನೋಡ ಖೋಡಿಗೋಳು. ಐವತ್ತೊಂದು!”

ಇಷ್ಟು ವರ್ಷ ಆ ಆಟದ ಬಗ್ಗೆ ಒಂದು ಮಾತು ಕೇಳದ ಆ ಹೆಂಗಸು ಮಂಚದ ಹತ್ತಿರ ಸರಿದು, “ಅಯ್ಯ, ಅಷ್ಟ್ಯಾಕ ಸೋತ್ರಂತ?” ಎಂದಳು.

“ಕುಂಡರು ಇಲ್ಲೆ, ಹೇಳ್ತೀನಿ,” ಎಂದಳು ಆಕೆ. “ಮೊದಲನೇದು, ಆ ಚೆಂಡು ದುಂಡಗ ಇರಂಗಿಲ್ಲ…”